ನೀರು ಹದಕ್ಕೆ ಬರುವ ಮುಂಚೆ

ಕಣ್ಣಿಗೆ ತಿಳಿಯಾಗಿ ಕಂಡ ನೀರನ್ನು ಕುಡಿಯಬಹುದು ಎಂದು ಮೇಲೆ ಇದ್ದಾಗ ನಾವೆಲ್ಲ ನಂಬಿದ್ದೆವು. ಕೆಳಗೆ ಬಂದ ಮೇಲೆ ಆ ನಂಬಿಕೆಯನ್ನು ಬಿಡಬೇಕಾಯಿತು. ಅದು ಸುಲಭವಾಗಿ ಬಿಡಲಿಲ್ಲ.

ರಾಯಚೂರು ಸೀಮೆಯವರಿಗೆ ಬಿಸಿಲು ಹೊಸದಲ್ಲ. ಆದರೆ ಆ ವರ್ಷಗಳಲ್ಲಿ ಬಂದದ್ದು ಬೇರೆ ಥರದ್ದು, ಬೆವರು ಆರದ ಬಿಸಿಲು. ನೆರಳಲ್ಲಿ ಕೂತವನೂ, ಹೊಟ್ಟೆ ತುಂಬ ನೀರು ಕುಡಿದವನೂ ಹೊತ್ತು ಇಳಿಯುವುದರೊಳಗೆ ಗೋಡೆಗೆ ಒರಗಿದ ಹಾಗೆಯೇ ಹೋಗಿಬಿಡುತ್ತಿದ್ದ. ಎತ್ತು, ಎಮ್ಮೆ, ಕುರಿ ಮೊದಲು ಹೋದವು. ಆಮೇಲೆ ಮುದುಕರು, ಆಮೇಲೆ ಬಾಣಂತಿಯರು. ಆಗ ಎಲ್ಲರಿಗೂ ತೋರಣಗುಡ್ಡದ ಹಳೆಯ ಚಿನ್ನದ ಗಣಿ ನೆನಪಾಯಿತು. ಅದರ ಮೇಲಂತಸ್ತಿನ ಸುರಂಗಗಳನ್ನು ಅಗಲ ಮಾಡಿ, ಗಾರೆ ಬಳಿದು, ಬಾಯಿಗೆ ಉಕ್ಕಿನ ಮುಚ್ಚಳ ಕೂರಿಸಿದರು. ಯುಗಾದಿಗೆ ಒಳಗೆ ಹೋಗಿ ಮುಚ್ಚಳ ಹಾಕಿಕೊಂಡರೆ ಮಳೆ ಹಿಡಿದ ಮೇಲೆಯೇ ಹೊರಗೆ ಬರುವುದು.

ಮೊದಲನೆಯ ಸುರಂಗದಲ್ಲಿ ನನಗೆ ಮೀನಿಗೆ ಮೇವು ಹಾಕುವ ಕೆಲಸ ಕೊಟ್ಟಿದ್ದರು. ನನ್ನ ತಂಗಿ ಯಂಕಮ್ಮನಿಗೆ ಅಲ್ಲಿ ಜಾಗ ಸಿಕ್ಕಿರಲಿಲ್ಲ. ಅವಳ ಮಗಳು ಈರವ್ವ ಹೆರಿಗೆಯಲ್ಲಿ ತೀರಿಕೊಂಡಿದ್ದಳು. ಉಳಿದದ್ದು ಎದೆಹಾಲು ಕಾಣದ ಒಂದು ಗಂಡುಕೂಸು, ಅಮರೇಶ. ಹಾಲಿನ ಪುಡಿಯನ್ನು ನೀರಲ್ಲಿ ಕಲಸಿ, ಒಳಲೆಯಲ್ಲಿ ಹನಿಹನಿಯಾಗಿ ಕುಡಿಸಿ ಅವಳು ಅದನ್ನು ಉಳಿಸಿಕೊಂಡಿದ್ದಳು. ಬರುವ ಬೇಸಿಗೆಯನ್ನು ಆ ಕೂಸು ಮೇಲೆ ಕಳೆಯುವ ಹಾಗಿರಲಿಲ್ಲ. ಎರಡನೆಯ ಸುರಂಗ ಯುಗಾದಿಗೆ ತಯಾರಾಗಲೇಬೇಕಿತ್ತು.

ಸುರಂಗ ಎಂದೋ ತಯಾರಾಗಿತ್ತು. ನೀರು ಮಾತ್ರ ಆಗಿರಲಿಲ್ಲ.

ಒಳಗೆ ಹೊಸ ನೀರು ಎನ್ನುವುದೇ ಇಲ್ಲ. ಕುಡಿದದ್ದು, ಮೈ ತೊಳೆದದ್ದು, ಉಚ್ಚೆ ಹೊಯ್ದದ್ದು ಎಲ್ಲವೂ ಸೋಸಿ ಮೀನಿನ ತೊಟ್ಟಿಗೆ ಬರಬೇಕು, ಅಲ್ಲಿಂದ ಸೊಪ್ಪಿನ ಮಡಿಗೆ ಹೋಗಬೇಕು, ಮತ್ತೆ ನಮ್ಮ ಕೊಡಕ್ಕೇ ಬರಬೇಕು. ಈ ಸುತ್ತನ್ನು ನೋಡಿಕೊಳ್ಳುತ್ತಿದ್ದವಳು ನಸ್ರೀನ್ ಬಾನು, ದೇವದುರ್ಗದ ಹುಡುಗಿ, ನೀರಿನ ಶಾಸ್ತ್ರ ಓದಿದವಳು. ಎರಡನೆಯ ಸುರಂಗದ ನೀರಿನ ಕೋಣೆಗೆ ನನ್ನನ್ನೂ ಆಗಾಗ ಕರೆದೊಯ್ಯುತ್ತಿದ್ದಳು. ಅಲ್ಲಿ ಮೀನಿಲ್ಲದ ದೊಡ್ಡ ತೊಟ್ಟಿ, ಅದರ ಪಕ್ಕ ಸ್ಪಂಜು ತುಂಬಿದ ಸೋಸುವ ಪೆಟ್ಟಿಗೆಗಳು. ಖಾಲಿ ತೊಟ್ಟಿಗೆ ಅವಳು ದಿನವೂ ಮೂಗು ಮುಚ್ಚಿಕೊಂಡು ಒಂದು ಸೀಸೆಯಿಂದ ವಿಷ ಸುರಿಯುತ್ತಿದ್ದಳು.

"ಅಲ್ಲವ್ವಾ, ಮೀನ ಬಿಡೂ ತೊಟ್ಟಿಗೆ ವಿಷ ಯಾಕ ಹಾಕ್ತಿ?" ಎಂದು ನಾನೇ ಕೇಳಿದ್ದೆ.

"ಕಾಕಾ, ಇದು ಅಮೋನಿಯಾ. ಮಂದಿ ಹೊಲಸಿನ್ಯಾಗ, ಮೀನಿನ ಹೊಲಸಿನ್ಯಾಗ ಇದ ಇರತೈತಿ. ಇದನ್ನ ತಿನ್ನೂ ಜೀವ ಅದಾವ, ಕಣ್ಣಿಗೆ ಕಾಣಂಗಿಲ್ಲ. ಅವು ತಿಂದು ಬಿಡೂದು ಇನ್ನೊಂದು ವಿಷ, ನೈಟ್ರೈಟ್ ಅಂತ. ಅದನ್ನ ತಿನ್ನೂವು ಬ್ಯಾರೆ ಜೀವ. ಅವೂ ತಿಂದ ಮ್ಯಾಲೆ ಉಳಿಯೂದು ಸೊಪ್ಪಿಗೆ ಗೊಬ್ಬರ."

"ಅಂದ್ರ ಒಬ್ಬರ ಎಂಜಲ ಇನ್ನೊಬ್ಬರ ಊಟ."

"ಹೂಂ. ಮೊದಲನೇ ಪಂಕ್ತಿಯವರು ಲಗೂ ಬಂದು ಕೂಡತಾರ. ಎರಡನೇ ಪಂಕ್ತಿಯವರು ಭಾಳ ಸಾವಕಾಶ. ಎರಡೂ ಪಂಕ್ತಿ ಕೂತು ಉಣ್ಣಾಕ ಹತ್ತಿದ ಮ್ಯಾಲೇ ಮೀನು. ಮೀನು ತಡಕೊಂಡ ಮ್ಯಾಲೆ ಮಂದಿ."

ಆ ಜೀವಗಳು ಕೂರುವುದು ಸ್ಪಂಜಿನ ಮೇಲೆ. ಹಾಲಿಗೆ ಹೆಪ್ಪು ಹಾಕಿದ ಹಾಗೆ, ಮೊದಲ ಸುರಂಗದ ಹಳೆಯ ಸ್ಪಂಜಿನ ತುಂಡೊಂದನ್ನು ತಂದು ಅವಳು ಹೊಸ ಪೆಟ್ಟಿಗೆಗೆ ಹಾಕಿದ್ದಳು. ದಿನ ಕಳೆದಂತೆ ಬಿಳಿಯ ಸ್ಪಂಜುಗಳು ಕಂದಾದವು, ಲೋಳೆ ಹಿಡಿದವು, ಕೆಸರಿನ ವಾಸನೆ ಬಂತು. ನೀರನ್ನು ಗಾಜಿನ ಕೊಳವೆಗಳಲ್ಲಿ ತುಂಬಿ, ಅದಕ್ಕೆ ಔಷಧದ ಹನಿ ಬಿಟ್ಟು ಅವಳು ಬಣ್ಣ ನೋಡುತ್ತಿದ್ದಳು. ಮೊದಲ ವಿಷದ ಕೊಳವೆ ಹಸಿರಾದರೆ ಕೆಟ್ಟದ್ದು, ಹಳದಿಯಾದರೆ ಒಳ್ಳೆಯದು. ಎರಡನೆಯದು ನೇರಳೆಯಾದರೆ ಕೆಟ್ಟದ್ದು, ತಿಳಿನೀಲಿಯಾದರೆ ಒಳ್ಳೆಯದು. ಹಳದಿ ಬೇಗ ಬಂತು. ನೇರಳೆ ಮಾತ್ರ ಹೋಗಲೊಲ್ಲದು.

ಸುರಂಗದ ಸಮಿತಿಯ ಹಿರಿಯ ಶಂಕ್ರಗೌಡರು ಬಂದಾಗಲೆಲ್ಲ ಚುಚ್ಚುತ್ತಿದ್ದರು. "ಏನ್ ಬಾನು ಮೇಡಂ, ತೊಟ್ಟಿಗೆ ಉಚ್ಚಿ ಹೊಯ್ದು ಕಾಯೂ ಕೆಲಸಕ್ಕ ಇಷ್ಟು ಓದಬೇಕಾತೇನು? ನಮ್ಮೂರಾಗ ಹುಡುಗೂರು ಪುಕ್ಕಟ ಮಾಡತಿದ್ದರಲ್ಲ."

"ಹೊಯ್ಯೂದು ಎಲ್ಲಾರಿಗೂ ಬರತೈತ್ರಿ ಗೌಡ್ರ. ಕಾಯೂದು ಬರಂಗಿಲ್ಲ," ಎಂದು ಅವಳು ಕೊಳವೆಯಿಂದ ಕಣ್ಣು ಎತ್ತದೆಯೇ ಅಂದಳು. ಗೌಡರಿಗೂ ನಗು ಬಂತು.

ಯುಗಾದಿ ಹತ್ತಿರ ಬಂದಾಗ ಒಂದು ಬೆಳಿಗ್ಗೆ ಎರಡನೆಯ ಕೊಳವೆ ತಿಳಿನೀಲಿಯಾಯಿತು. ಮಾರನೆಯ ದಿನವೂ ಹಾಗೆಯೇ ಇತ್ತು. ನಸ್ರೀನ್ ಕೊಳವೆಯನ್ನು ದೀಪಕ್ಕೆ ಹಿಡಿದು ನನಗೆ ತೋರಿಸಿದಳು. ಅವಳ ಕಣ್ಣಲ್ಲಿ ನೀರಿತ್ತು. "ನಿಮ್ಮ ತಂಗೀಗೆ ಹೇಳ್ರಿ ಕಾಕಾ, ಕೂಸಿನ ಬಟ್ಟಿ ಅರಬಿ ಕಟ್ಟಿಕೊಳ್ಳಾಕ."

ಹಬ್ಬದ ಬೆಳಿಗ್ಗೆ ಮೀನು ಬಿಡುವುದು, ಮಧ್ಯಾಹ್ನದೊಳಗೆ ಮಂದಿ ಇಳಿಯುವುದು, ಸಂಜೆಗೆ ಮುಚ್ಚಳ ಹಾಕುವುದು ಎಂದು ಗೊತ್ತಾಯಿತು. ಹಿಂದಿನ ದಿನ ನಸ್ರೀನೂ ನಾನೂ ಗುಡ್ಡದ ಆಚೆ ಮೊದಲ ಸುರಂಗದಲ್ಲಿದ್ದೆವು. ಜಿಲೇಬಿ ಮೀನುಗಳನ್ನು ಬಲೆಯಲ್ಲಿ ಹಿಡಿದು ಪೀಪಾಯಿಗೆ ತುಂಬುವ ಕೆಲಸ. ಹೊರಡುವ ಮುಂಚೆ ಅವಳು ಎರಡನೆಯ ಸುರಂಗದ ಕೀಲಿಗಳನ್ನು ಯಂಕಮ್ಮನ ಕೈಗೆ ಕೊಟ್ಟಿದ್ದಳು. ಒಳಗೆ ಬರುವ ಹೆಂಗಸರು ತಮ್ಮ ತಮ್ಮ ಜಾಗ ಗುಡಿಸಿ ಸಾರಿಸಿಕೊಳ್ಳಲಿ ಎಂದು. "ತೊಟ್ಟಿ ನೀರಿಗೆ ಮಾತ್ರ ಏನೂ ಹಾಕಬ್ಯಾಡ್ರಿ" ಎಂದೂ ಹೇಳಿದ್ದಳು.

ಹಬ್ಬದ ದಿನ ಪೀಪಾಯಿಗಳ ಜೊತೆ ನಾವು ಇಳಿದಾಗ ಸುರಂಗ ಗುರುತು ಸಿಗದ ಹಾಗಾಗಿತ್ತು. ಗೋಡೆಗಳಿಗೆಲ್ಲ ಸುಣ್ಣ. ನೆಲದ ಮೇಲೆ ರಂಗೋಲಿ. ಪ್ರತಿ ಕೋಣೆಯ ಬಾಗಿಲಿಗೂ ಎಲ್ಲಿಂದಲೋ ತಂದ ಬೇವಿನ ಸೊಪ್ಪು. ಹೆಂಗಸರು ತಲೆಗೆ ನೀರು ಹಾಕಿಕೊಂಡು, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟಿದ್ದರು. ಯಂಕಮ್ಮ ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಎದುರಿಗೆ ಬಂದಳು.

"ಯಣ್ಣಾ, ನೋಡಿದಿ? ಹೊಸಾ ಮನಿ ಅಂದ್ರ ಹಿಂಗಿರಬೇಕು. ಬಾನವ್ವಾ, ನಿನ್ನ ಕೋಣೀನೂ ಬಿಟ್ಟಿಲ್ಲ ನೋಡು ನಾವು."

ನಸ್ರೀನ್ ನಿಂತುಬಿಟ್ಟಳು. "ಅಲ್ಲೇನು ಮಾಡಿದ್ರಿ?"

"ನೀರಿಗೆ ಒಂದು ಹನಿ ಏನೂ ಹಾಕಿಲ್ಲಬೇ. ನೀ ಹೇಳಿದ್ದಿ, ನಾ ಮರೀತೀನೇನು? ಆ ಪೆಟಗಿಯೊಳಗಿನ ಸ್ಪಂಜು ಅದಾವಲ್ಲ, ಯವ್ವಾ, ಏನ್ ನಾತ ಅಂತಿ! ಲೋಳಿ ಲೋಳಿ. ಎಲ್ಲಾ ಹೊರಗ ತಗದು, ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಿ, ಕುದಿಯೂ ನೀರಾಗ ಅದ್ದಿ, ಮತ್ತ ತಣ್ಣೀರಾಗ ಜಾಲಿಸಿ, ಹಿಂಡಿ, ಇದ್ದಂಗ ಇಟ್ಟೀವಿ. ಮಲ್ಲಿಗಿ ಹೂವಿನಂಗ ಆಗ್ಯಾವ."

ನಸ್ರೀನ್ ಓಡಿದಳು. ನಾನು ಹೋಗುವಷ್ಟರಲ್ಲಿ ಅವಳು ಪೆಟ್ಟಿಗೆಯ ಮುಂದೆ ನೆಲದ ಮೇಲೆ ಕೂತಿದ್ದಳು. ತೊಡೆಯ ಮೇಲೆ ಒಂದು ಸ್ಪಂಜು. ಅದು ಹೊಸದಾಗಿ ತಂದಾಗ ಇದ್ದದ್ದಕ್ಕಿಂತ ಬೆಳ್ಳಗಿತ್ತು. ಹಿಂದೆಯೇ ಬಂದ ಯಂಕಮ್ಮ ಬಾಗಿಲಲ್ಲಿ ನಿಂತಳು.

"ಯಾಕ? ಏನಾತು?"

ನಸ್ರೀನ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮೆಲ್ಲಗೆ, ಮಗುವಿಗೆ ಹೇಳುವ ಹಾಗೆ ಹೇಳಿದಳು. "ಅತ್ತಿ, ನೀರು ಸ್ವಚ್ಛ ಮಾಡೂ ಜೀವ ಆ ಲೋಳ್ಯಾಗ ಇದ್ವು. ಅವು ಸತ್ತಾವ. ಈಗ ಈ ತೊಟ್ಟಿಗೆ ಹೊಲಸು ತಿನ್ನೂವ್ರು ಯಾರೂ ಇಲ್ಲ."

ಯಂಕಮ್ಮ ಸ್ಪಂಜನ್ನೂ ಅವಳ ಮುಖವನ್ನೂ ನೋಡಿದಳು. ಹೊಸ ಮನೆಗೆ ಕಾಲಿಡುವ ಮುಂಚೆ ಮೂಲೆ ಮೂಲೆ ತೊಳೆಯುವುದು ಅವಳ ತಾಯಿ ಕಲಿಸಿದ್ದು. ನನ್ನ ತಾಯಿಯೂ ಅವಳೇ. ಹಬ್ಬಕ್ಕೆ ತೊಳೆಯದೆ ಬಿಟ್ಟ ಪಾತ್ರೆಯೊಂದು ಸಿಕ್ಕರೆ ಅವ್ವ ಊಟ ಬಿಡುತ್ತಿದ್ದಳು.

"ಮತ್ತ ಹೆಪ್ಪು ಹಾಕಬಹುದಲ್ಲ?" ಎಂದಳು ಯಂಕಮ್ಮ.

ಅದೊಂದೇ ದಾರಿ ಇತ್ತು. ಶಂಕ್ರಗೌಡರು ತಂತಿಯ ಫೋನಿನಲ್ಲಿ ಮೊದಲ ಸುರಂಗದವರ ಜೊತೆ ಮಾತಾಡಿದರು. ಅಲ್ಲಿಯೂ ಸೋಸುವ ಪೆಟ್ಟಿಗೆಗಳು ತಮ್ಮ ಮಂದಿಗೆ ಸರಿಯಾಗಿ ಸಾಲುವಷ್ಟೇ ಇದ್ದವು. ಹೆಚ್ಚು ತೆಗೆದರೆ ಅವರ ನೀರೂ ಕೆಡುತ್ತದೆ. ಒಂದು ಬುಟ್ಟಿ ಕೊಡುತ್ತೇವೆ, ಅದಕ್ಕಿಂತ ಆಗುವುದಿಲ್ಲ ಎಂದರು. ಅವರನ್ನು ಬೈಯಲು ಗೌಡರಿಗೆ ಬಾಯಿ ಬರಲಿಲ್ಲ. ಒಬ್ಬ ಟ್ರ್ಯಾಕ್ಟರಿನವನು ಗುಡ್ಡ ಹತ್ತಿ ಇಳಿದು ಆ ಬುಟ್ಟಿ ತಂದ. ಒದ್ದೆ ಗೋಣಿಯಲ್ಲಿ ಸುತ್ತಿದ್ದರೂ ಆ ಬಿಸಿಲಿಗೆ ಸ್ಪಂಜುಗಳ ಮೈ ಬೆಚ್ಚಗಾಗಿತ್ತು. ಟ್ರ್ಯಾಕ್ಟರಿನವನು ಸುರಂಗದ ಬಾಯಲ್ಲೇ ಕುಸಿದ. ಅವನನ್ನು ಎತ್ತಿ ಒಳಗೆ ತಂದೆವು, ಬದುಕಿದ.

"ಮಂದೀನ ವಾಪಸ್ ಕಳಸೂದು?" ಎಂದು ಗೌಡರು ಕೇಳಿದರು.

"ಎಲ್ಲಿಗ್ರಿ?" ಎಂದಳು ನಸ್ರೀನ್.

ಸಂಜೆಗೆ ಮುಚ್ಚಳ ಕೂತಿತು. ಅದರ ಅಂಚಿಗೆ ಅಂಟು ಬಡಿಯುವ ಸದ್ದು ಕೆಳಗಿನವರೆಗೂ ಕೇಳಿಸುತ್ತಿತ್ತು.

ತೊಟ್ಟಿಯ ಮೇಲಿನ ಭಾರ ಕಡಿಮೆಯಾಗಲಿ ಎಂದು ಐದಾರು ಮೀನು ಬಿಟ್ಟು ಉಳಿದವನ್ನೆಲ್ಲ ಅಡುಗೆಗೆ ಕೊಡಿಸಿದಳು ನಸ್ರೀನ್. ಹಬ್ಬದ ದಿನ ಹೋಳಿಗೆಯ ಬದಲು ಮೀನಿನ ಸಾರು. "ವರ್ಷದ ಮೊದಲನೇ ದಿನಾನ ಮೀನ ತಿಂದೀವಿ, ವರ್ಷಾ ಪೂರ್ತಿ ನೀರಾಗ ಇರತೀವೇನೋ" ಎಂದು ಯಾರೋ ಅಂದರು. ಮಂದಿ ನಕ್ಕರು. ಆಗ ಇನ್ನೂ ನಗು ಇತ್ತು.

ಆಮೇಲಿನ ದಿನಗಳಲ್ಲಿ ಮೊದಲ ಕೊಳವೆ ಹಸಿರಾಯಿತು, ಕಡುಹಸಿರಾಯಿತು. ಉಳಿಸಿಕೊಂಡ ಮೀನುಗಳು ನೀರಿನ ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಕಿವಿರು ಸುಟ್ಟ ಹಾಗೆ ಕೆಂಪಗಾಗಿದ್ದವು. ನಾನು ಮೇವು ಹಾಕಿದರೆ ಬೇಡ ಎನ್ನುತ್ತಿದ್ದಳು ನಸ್ರೀನ್, ಅದೂ ಹೊಲಸಾಗುತ್ತದೆ ಎಂದು. ಹಸಿದ ಮೀನು ನನ್ನ ನೆರಳು ಕಂಡು ಹತ್ತಿರ ಬರುತ್ತಿದ್ದವು, ನಾನು ಬರಿಗೈಯಲ್ಲಿ ನಿಂತಿರುತ್ತಿದ್ದೆ. ಕೊನೆಗೆ ಒಂದೊಂದಾಗಿ ಮಗ್ಗುಲಾದವು. ನಾನೇ ತೆಗೆದೆ.

ನಂತರ ಹಸಿರು ಇಳಿಯಿತು. ಮೊದಲ ಪಂಕ್ತಿಯವರು ಬಂದು ಕೂತಿದ್ದರು. ಆದರೆ ಎರಡನೆಯ ಕೊಳವೆ ನೇರಳೆಗೆ ತಿರುಗಿತು.

ಆ ದಿನ ನಸ್ರೀನ್ ಎಲ್ಲರನ್ನೂ ಸೇರಿಸಿದಳು. "ಈ ನೀರು ದೊಡ್ಡವರಿಗೆ ತಲಿನೋವು ತರಬಹುದು, ತಡಕೋರಿ. ಕೂಸುಗಳಿಗೆ ಮಾತ್ರ ಹನೀನೂ ಹಾಕಬ್ಯಾಡ್ರಿ. ಎದಿಹಾಲು ಕುಡಿಯೂ ಕೂಸಿಗೆ ಭಯ ಇಲ್ಲ. ಹಾಲಿನ ಪುಡಿ ಕಲಸೂ ಮಂದಿಗೆ ಮ್ಯಾಲಿಂದ ತಂದ ನೀರಿನ ಡಬ್ಬಿ ಕೊಡತೀನಿ. ನೀರು ಹದಕ್ಕ ಬರೂ ತನಕ ಅದನ್ನ ಕಾಪಾಡ್ಕೋರಿ."

ಮೇಲಿನ ನೀರು ಸ್ವಲ್ಪವೇ ಇತ್ತು. ಪುಡಿಹಾಲಿನ ಕೂಸುಗಳಿದ್ದದ್ದು ಎರಡು ಮನೆಯಲ್ಲಿ. ಒಂದು ನಮ್ಮ ಅಮರೇಶ. ಇನ್ನೊಂದು ಹನುಮವ್ವನ ಅವಳಿ ಕೂಸುಗಳು. ಅವಳಿಗೆ ಎರಡು ಕೂಸಿಗೆ ಸಾಲುವಷ್ಟು ಹಾಲಿರಲಿಲ್ಲ. ಡಬ್ಬಿಗಳನ್ನು ಹಂಚಿಕೊಟ್ಟಳು. ಯಂಕಮ್ಮ ತನ್ನ ಡಬ್ಬಿಯನ್ನು ತಲೆಯ ಮೇಲೆ ಹೊತ್ತುಕೊಂಡು ಹೋದಳು. ದಾರಿ ಬಿಟ್ಟು ನಿಂತ ಹೆಂಗಸರು ಅವಳ ಜೊತೆ ಮಾತಾಡಲಿಲ್ಲ. ಸ್ಪಂಜು ತೊಳೆಯುವಾಗ ಎಲ್ಲರೂ ಇದ್ದರು. ಕೀಲಿ ಇದ್ದದ್ದು ಅವಳ ಕೈಯಲ್ಲಿ.

ನಾನು ನೀರಿನ ಕೋಣೆಯಲ್ಲೇ ಮಲಗುತ್ತಿದ್ದೆ, ಪಂಪಿನ ಸದ್ದು ನಿಂತರೆ ಎಬ್ಬಿಸಲು. ಹಾಗಾಗಿ ತಂಗಿಯ ಒಲೆಯ ಮುಂದೆ ಏನು ನಡೆಯಿತು ಎನ್ನುವುದು ಆಮೇಲೆ ತಿಳಿದದ್ದು. ಹನುಮವ್ವನ ಡಬ್ಬಿಯ ತಳದ ಬೆಸುಗೆ ಬಿಟ್ಟಿತ್ತು. ಬೆಳಿಗ್ಗೆ ಎದ್ದು ನೋಡಿದರೆ ನೀರೆಲ್ಲ ನೆಲಕ್ಕಿಳಿದು ಚರಂಡಿ ಸೇರಿತ್ತು. ಅವಳು ಎರಡು ಕೂಸನ್ನೂ ಎತ್ತಿಕೊಂಡು ಬಾಗಿಲಲ್ಲಿ ಅಳುತ್ತ ನಿಂತದ್ದನ್ನು ಮೊದಲು ಕಂಡವಳು ಯಂಕಮ್ಮ.

"ಅಳಬ್ಯಾಡ. ನನ್ನ ಡಬ್ಬಿ ಒಯ್ಯಿ," ಎಂದಳಂತೆ.

"ನಿನ್ನ ಕೂಸಿಗೆ?"

"ನಾ ಕಾಸಿ ಹಾಕತೀನಿ. ನನಗ ಒಂದು ಕೂಸು, ನಿನಗ ಎರಡು. ನಾ ಮಾಡಿದ ಕೆಲಸಕ್ಕ ನಿನ್ನ ಕೂಸು ಯಾಕ ಬಾಯಿ ಒಣಗಸಬೇಕು? ಬಾನವ್ವಗ ಹೇಳಬ್ಯಾಡ, ಮತ್ತ ಎಲ್ಲಾರೂ ನನ್ನ ಮಾತೇ ಆಡತಾರ."

ಮೇಲೆ ಕೆರೆಯ ಕೆಸರುನೀರನ್ನು ಕಾಸಿ ಕುಡಿಸಿಯೇ ಅವಳು ಮಕ್ಕಳನ್ನು ಸಾಕಿದ್ದಳು. ಕಾಲರಾ ಬಂದ ವರ್ಷ ನಮ್ಮ ಓಣಿಯಲ್ಲಿ ನೀರು ಕಾಸಿ ಕುಡಿದ ಮನೆಗಳೇ ಉಳಿದದ್ದನ್ನು ನಾನೂ ಕಂಡಿದ್ದೇನೆ. ಕಾಸಿದ ನೀರು ಕೆಡಕು ಮಾಡುತ್ತದೆ ಎಂದು ಅವಳಿಗೆ ಯಾರು ಹೇಳಬೇಕಿತ್ತು? ಅವಳು ತೊಟ್ಟಿಯ ನೀರನ್ನು ಕುದಿಸಿದಳು. ಹೆದರಿಕೆಗೆ ಮತ್ತೂ ಕುದಿಸಿದಳು. ಪಾತ್ರೆ ಅರ್ಧಕ್ಕಿಳಿಯುವ ತನಕ ಒಲೆಯ ಮುಂದೆ ಕೂತಳು. ಆರಿಸಿ, ಬಟ್ಟೆಯಲ್ಲಿ ಸೋಸಿ, ಪುಡಿ ಕಲಸಿ ಕುಡಿಸಿದಳು. ದಿನವೂ.

ಒಂದು ಮಧ್ಯಾಹ್ನ ಕೂಸನ್ನು ಎತ್ತಿಕೊಂಡು ನೀರಿನ ಕೋಣೆಗೆ ಬಂದಳು. "ಯಣ್ಣಾ, ಯಾಕೋ ಮೈ ಕರ್ರಗ ಕಾಣಾಕತ್ತೈತಿ ನೋಡು. ಇಲ್ಲಿ ದೀಪಕ್ಕ ಹಂಗ ಕಾಣತೈತೋ ಏನೋ."

ದೀಪಕ್ಕೆ ಹಾಗೆ ಕಾಣುತ್ತಿರಲಿಲ್ಲ. ತುಟಿ, ಉಗುರು, ಕಿವಿಯ ಹಾಲೆ, ಎಲ್ಲವೂ ನಸ್ರೀನಳ ಕೊಳವೆಯ ಬಣ್ಣ. ಕೂಸು ಅಳುತ್ತಿರಲಿಲ್ಲ. ಪಕ್ಕೆ ಮಾತ್ರ ಬೇಗ ಬೇಗ ಏರಿ ಇಳಿಯುತ್ತಿತ್ತು.

ನಸ್ರೀನ್ ನೋಡಿದವಳೇ ಕೇಳಿದಳು: "ಯಾವ ನೀರು ಹಾಕಿದ್ರಿ?"

"ಚಲೋ ಕುದಿಸೀನಬೇ. ಅರ್ಧಕ್ಕ ಇಳಿಸೀನಿ."

ನಸ್ರೀನ್ ಕಣ್ಣು ಮುಚ್ಚಿಕೊಂಡಳು. ಕುದಿಸಿದರೆ ನೀರು ಆವಿಯಾಗಿ ಹೋಗುತ್ತದೆ. ಈ ವಿಷ ಹೋಗುವುದಿಲ್ಲ, ಉಳಿದ ನೀರಿನಲ್ಲೇ ದಟ್ಟವಾಗುತ್ತದೆ. ಅದು ರಕ್ತ ಸೇರಿದರೆ ರಕ್ತ ಉಸಿರನ್ನು ಹೊರುವುದಿಲ್ಲ. ಎದೆ ತುಂಬ ಗಾಳಿ ಎಳೆದರೂ ಮೈಗೆ ಮುಟ್ಟುವುದಿಲ್ಲ. ಇದನ್ನೆಲ್ಲ ಅವಳು ನನಗೆ ಹೇಳಿದ್ದು ಆಮೇಲೆ. ಆಗ ತಂತಿಯ ಕಡೆ ಓಡಿದಳು. ಮೊದಲ ಸುರಂಗದ ಡಾಕ್ಟರು, ಇದಕ್ಕೆ ನರಕ್ಕೆ ಕೊಡುವ ಒಂದು ಔಷಧ ಇದೆ, ನನ್ನ ಪೆಟ್ಟಿಗೆಯಲ್ಲೇ ಇದೆ ಎಂದರು. ಗುಡ್ಡದ ಆಚೆ ಇತ್ತು ಅದು. ನಡುವೆ ಎರಡು ಮುಚ್ಚಳ ಮತ್ತು ಆ ಬಿಸಿಲು. ಶಂಕ್ರಗೌಡರು ಹಿಂದೆ ಮುಂದೆ ನೋಡಲಿಲ್ಲ, ಮುಚ್ಚಳ ತೆಗೆಯೋಣ ಎಂದರು. ಅಂಟು ಕೆರೆಯಲು ಗಂಡಸರು ಉಳಿ ಹಿಡಿದು ಏಣಿ ಹತ್ತಿದರು.

ಅವರು ಕೆರೆಯುತ್ತಿದ್ದ ಸದ್ದು ಕೇಳುತ್ತಿರುವಾಗಲೇ ಕೂಸಿನ ಪಕ್ಕೆ ನಿಂತಿತು. ಯಂಕಮ್ಮ ಅದರ ಬಾಯಿಗೆ ಬಾಯಿ ಇಟ್ಟು ಊದಿದಳು. ಎಷ್ಟೋ ಹೊತ್ತು ಊದಿದಳು. ಬಿಡಿಸಲು ನಾವು ಯಾರೂ ಹೋಗಲಿಲ್ಲ.

"ಬಾನವ್ವಾ, ಕುದಿಸಿದ್ದು ಕಮ್ಮಿ ಆತೇನಬೇ?" ಎಂದು ಕೊನೆಗೆ ಕೇಳಿದಳು.

ನಸ್ರೀನ್ ನನ್ನ ಕಡೆ ನೋಡಿದಳು. ನಾನು ತಲೆ ಅಲ್ಲಾಡಿಸಿದೆ, ಈಗ ಬೇಡ ಎಂದು. ಆದರೆ ಆ ಹುಡುಗಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಹೇಳಿದಳು. ಯಂಕಮ್ಮ ಪೂರ್ತಿ ಕೇಳಿಸಿಕೊಂಡಳು. ಕೂಸಿನ ಕುಲಾವಿ ಸರಿ ಮಾಡಿದಳು.

ಮುಚ್ಚಳ ತೆಗೆಯುವ ಕಾರಣ ಮುಗಿದಿತ್ತು. ಸುರಂಗದಲ್ಲಿ ಸತ್ತವರಿಗೆ ಸೊಪ್ಪಿನ ಮಡಿಯ ತುದಿಯಲ್ಲಿ ಮಣ್ಣು ಬಿಟ್ಟಿದ್ದರು. ಅಮರೇಶನನ್ನು ಅಲ್ಲಿ ಇಟ್ಟೆವು. ನನ್ನ ಕಾಲದಲ್ಲಿ ಬಹಳ ಮಣ್ಣು ಕೊಟ್ಟಿದ್ದೇನೆ. ಇಷ್ಟು ಚಿಕ್ಕ ಗುಂಡಿ ತೋಡಿರಲಿಲ್ಲ.

ಹನುಮವ್ವ ಎಲ್ಲರ ಮುಂದೆ ಡಬ್ಬಿಯ ಮಾತು ಹೇಳಿ ಎದೆ ಎದೆ ಬಡಿದುಕೊಂಡಳು. ಅಂದಿನಿಂದ ಹೆಂಗಸರು ಯಂಕಮ್ಮನ ಕೋಣೆಗೆ ಒಬ್ಬೊಬ್ಬರಾಗಿ ರೊಟ್ಟಿ ತಂದಿಡತೊಡಗಿದರು. ಅವಳು ತಿನ್ನುತ್ತಿದ್ದಳೋ ಇಲ್ಲವೋ, ತಟ್ಟೆಗಳನ್ನು ಮಾತ್ರ ತೊಳೆಯದೆ ಹಾಗೆಯೇ ವಾಪಸ್ ಕೊಡುತ್ತಿದ್ದಳು. ತೊಳೆಯುವುದನ್ನೇ ಬಿಟ್ಟಿದ್ದಳು.

ನಸ್ರೀನ್ ಕೊಳವೆ ಹಿಡಿಯುವುದನ್ನು ಬಿಡಲಿಲ್ಲ. ಅವಳೂ ಬಡವಾಗಿದ್ದಳು. ಪೆಟ್ಟಿಗೆಯ ಸ್ಪಂಜುಗಳು ನಿಧಾನವಾಗಿ ಕಂದಾದವು. ನೇರಳೆ ತಿಳಿಯಾಯಿತು, ಮತ್ತೂ ಮಸುಕಾಯಿತು. ಒಂದು ದಿನ ತಿಳಿನೀಲಿ ಬಂತು. ಅವಳು ನನಗೆ ತೋರಿಸಿದಳು. ಮತ್ತೂ ಕೆಲವು ದಿನ ನೋಡಿ, ಆಮೇಲೆ ಮಂದಿಯನ್ನು ಕರೆದಳು.

"ನೀರು ಹದಕ್ಕ ಬಂದೈತಿ. ಇನ್ನ ಕೂಸುಗಳಿಗೂ ಹಾಕಬಹುದು."

ಯಾರೂ ಮುಂದೆ ಬರಲಿಲ್ಲ. ನಲ್ಲಿಯ ಸುತ್ತ ಕೊಡ ಹಿಡಿದು ನಿಂತರು. "ಒಮ್ಮೆ ಹಿಂಗ ಅಂದಿದ್ರಿ" ಎಂದು ಹಿಂದಿನಿಂದ ಒಬ್ಬರು ಅಂದರು. "ಮೀನ ಬಿಟ್ಟು ತೋರಿಸ್ರಿ" ಎಂದು ಇನ್ನೊಬ್ಬರು. ಬಿಡಲು ಮೀನು ಎಲ್ಲಿತ್ತು? ಯಂಕಮ್ಮ ಕೊಟ್ಟಿದ್ದ ಡಬ್ಬಿಯಲ್ಲಿ ಹನುಮವ್ವನಿಗೆ ಅಂದಿಗೆ ಸಾಲುವಷ್ಟು ನೀರಿರಲಿಲ್ಲ. ಅವಳ ಕೂಸುಗಳಲ್ಲಿ ಒಂದು ಅಳುತ್ತಿತ್ತು, ಇನ್ನೊಂದಕ್ಕೆ ಅಳುವ ಶಕ್ತಿ ಇರಲಿಲ್ಲ. ಅವಳು ನಲ್ಲಿಯನ್ನು ನೋಡುವಳು, ಹಿಂದೆ ಸರಿಯುವಳು. ಕೊನೆಗೆ ಒಲೆ ಹೊತ್ತಿಸಲು ಪಾತ್ರೆ ತೆಗೆದುಕೊಂಡಳು.

ಗುಂಪು ಬಿಡಿಸಿಕೊಂಡು ಯಂಕಮ್ಮ ಬಂದಳು. ನಸ್ರೀನಳ ಎದುರು ನಿಂತಳು.

"ಖರೇನ ಬಂದೈತೇನು?"

"ಬಂದೈತಿ ಅತ್ತಿ."

ಯಂಕಮ್ಮ ಲೋಟ ಹಿಡಿದು ನಲ್ಲಿ ತಿರುಗಿಸಿದಳು. ನಿಂತಲ್ಲೇ ಗಟಗಟ ಕುಡಿದಳು. ಆಮೇಲೆ ಹನುಮವ್ವನ ಕೈಯಿಂದ ಆ ಪಾತ್ರೆ ಕಿತ್ತುಕೊಂಡು ನೆಲಕ್ಕಿಟ್ಟಳು.

"ಕಾಸಬ್ಯಾಡ. ಹಂಗ ಕಲಸು."

ಹನುಮವ್ವ ಪುಡಿಯ ಪೊಟ್ಟಣ ಬಿಚ್ಚಿದವಳು ಮತ್ತೆ ಮಡಿಚಿಬಿಟ್ಟಳು. ಯಂಕಮ್ಮನೇ ನೆಲದ ಮೇಲೆ ಕೂತು ಸುಸ್ತಾದ ಕೂಸನ್ನು ಕಾಲ ಮೇಲೆ ಹಾಕಿಕೊಂಡಳು. ನಲ್ಲಿಯ ನೀರಿಗೇ ಪುಡಿ ಕಲಸಿ, ಒಳಲೆಯ ತುದಿಯನ್ನು ಕೂಸಿನ ತುಟಿಗೆ ಹಿಡಿದಳು. ಕೂಸು ಲೊಚಲೊಚ ಕುಡಿಯಿತು. ಕುಡಿದು ನಿದ್ದೆ ಹೋಯಿತು. ಅದು ಮಲಗಿ, ಎದ್ದು, ಮತ್ತೆ ಹಸಿದು ಅಳುವ ತನಕ ನಾವು ಯಾರೂ ಜಾಗ ಬಿಟ್ಟು ಕದಲಲಿಲ್ಲ. ಎಲ್ಲರ ಕಣ್ಣೂ ಅದರ ತುಟಿಯ ಮೇಲೆ. ಅದು ಕೆಂಪಗೇ ಇತ್ತು.

ಯಂಕಮ್ಮ ಮಾತ್ರ ನೋಡಲಿಲ್ಲ. ಕೂಸನ್ನು ಕಾಲ ಮೇಲೆ ತೂಗುತ್ತಲೇ, ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕೂತಿದ್ದಳು.